ಪುಣೆಯವರು ನಮ್ಮ ಸದಸ್ಯರಾಗಿದ್ದಾಗ

ಮುಸ್ಲಿಂ ಮತದಾರರು ಮುಸ್ಲಿಂ ಅಭ್ಯರ್ಥಿಗೆ ಮಾತ್ರ ಮತ ಹಾಕಬೇಕಿದ್ದ ಕಾಲವೊಂದು ಹುಬ್ಬಳ್ಳಿ-ಧಾರವಾಡದಲ್ಲಿತ್ತು ಎಂದರೆ ಈಗಿನ ನಮ್ಮ ಹುಡುಗರು ನಂಬಲಿಕ್ಕಿಲ್ಲ. 1909ರಲ್ಲಿ ಬಂದ ಪ್ರತ್ಯೇಕ ಮತಕ್ಷೇತ್ರವನ್ನು 1919ರ ಕಾಯ್ದೆಯೂ ಮುಂದುವರಿಸಿತು. ದಿಲ್ಲಿಯ ಕೇಂದ್ರ ಶಾಸನಸಭೆಗೆ ನಮ್ಮದು 'ಮುಂಬಯಿ ದಕ್ಷಿಣ ವಿಭಾಗ, ಮುಸ್ಲಿಂ ಗ್ರಾಮಾಂತರ' ಕ್ಷೇತ್ರ. ದಕ್ಷಿಣ ವಿಭಾಗವೆಂದರೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಅಷ್ಟೇ ಅಲ್ಲ, ಕೊಂಕಣದ ರತ್ನಾಗಿರಿಯೂ ಸೇರಿತ್ತು. ದಖನಿ ಉರ್ದು ಮತ್ತು ಕನ್ನಡ ಆಡುವ ನಮಗೂ ಕೊಂಕಣದ ಮೀನುಗಾರ ಮುಸ್ಲಿಮನಿಗೂ ಕಲ್ಮಾ ಬಿಟ್ಟರೆ ಸಮಾನವಾದದ್ದೇನು?

1934ರಲ್ಲಿ ಆಯ್ಕೆಯಾದ ಸಭೆ 1945ರವರೆಗೂ ಮುಂದುವರಿಯಿತು. ಆ ನಡುವೆ ಎಲ್ಲಿಯಾದರೂ ಮತ ಕೇಳಬೇಕಾದರೆ ಸ್ಥಾನ ತೆರವಾಗಬೇಕು, ಉಪಚುನಾವಣೆಯೇ ಆಗಬೇಕು. ಇಷ್ಟು ದೂರ ಹರಡಿದ ಕ್ಷೇತ್ರದಲ್ಲಿ ಓಡಾಡಿ ಮತ ಕೇಳಬಲ್ಲವನು ಹಣವಂತನೇ. 1940ರ ದಶಕದಲ್ಲಿ ನಮ್ಮನ್ನು ಪ್ರತಿನಿಧಿಸಿದವರು ಅಹಮದ್ ಇಬ್ರಾಹಿಂ ಹಾರೂನ್ ಜಾಫರ್, ಪುಣೆಯ ಪ್ರತಿಷ್ಠಿತ ಮನೆತನದವರು. ಪುಣೆ ದಕ್ಷಿಣ ವಿಭಾಗದಲ್ಲಿಯೇ ಇರಲಿಲ್ಲ!

1945ರ ಕೊನೆಯ ಚುನಾವಣೆಯಲ್ಲಿ ಕೇಂದ್ರ ಸಭೆಯ 30 ಮುಸ್ಲಿಂ ಸ್ಥಾನಗಳನ್ನೂ ಲೀಗ್ ಗೆದ್ದಿತು. ಜಾಫರ್ ಮುಂದೆ ಕರಾಚಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಕುಳಿತರು. ಮತದಾರರು ಇಲ್ಲಿಯೇ ಉಳಿದರು. 'ನಿಮ್ಮ ಅಜ್ಜಂದಿರು ಪಾಕಿಸ್ತಾನಕ್ಕೆ ಮತ ಹಾಕಿದವರು' ಎಂಬ ಮಾತು ನಾವೂ ಕೇಳಿದ್ದೇವೆ. ಹಾಗೆ ಹೇಳುವವರಿಗೆ ಒಂದು ಸಂಗತಿ ಗೊತ್ತಿಲ್ಲ: ಆಗ ಮತವಿದ್ದದ್ದು ಆಸ್ತಿಗೆ, ಕಂದಾಯಕ್ಕೆ, ವರಮಾನ ತೆರಿಗೆಗೆ. ನೇಕಾರ, ಜಟಕಾ ಹೊಡೆಯುವವ, ಬೀಡಿ ಕಟ್ಟುವವಳು ಆ ಪಟ್ಟಿಯಲ್ಲಿರಲಿಲ್ಲ. ಅದೇ ಧಾರವಾಡದಲ್ಲಿ 1921ರ ಜುಲೈ 1ರಂದು ಹೆಂಡದಂಗಡಿಯ ಮುಂದಿನ ಪಿಕೆಟಿಂಗ್ ವೇಳೆ ಗೋಲಿಬಾರಿಗೆ ಬಲಿಯಾದ ಮೂವರು ಖಿಲಾಫತ್ ಕಾರ್ಯಕರ್ತರನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಸ್ವತಂತ್ರ ಭಾರತ ಪ್ರತ್ಯೇಕ ಮತಕ್ಷೇತ್ರವನ್ನು ಕೈಬಿಟ್ಟಿತು. ಮುಸ್ಲಿಮರು ಇನ್ನು ದಿಲ್ಲಿ ಕಾಣಲಾರರೆಂದು ಹೆದರಿದವರಿದ್ದರು. ಆದದ್ದೇ ಬೇರೆ. ಎಲ್ಲರ ಮತದಿಂದ, ಲಿಂಗಾಯತ, ಕುರುಬ, ದಲಿತ ಮತಗಳೂ ಸೇರಿ, ಧಾರವಾಡ ದಕ್ಷಿಣ ಕ್ಷೇತ್ರ 1962ರಿಂದ ಎಫ್.ಎಚ್. ಮೊಹಸಿನ್ ಅವರನ್ನು ಲೋಕಸಭೆಗೆ ಮತ್ತೆ ಮತ್ತೆ ಕಳಿಸಿತು. ಅವರು ಕೇಂದ್ರದಲ್ಲಿ ಗೃಹಖಾತೆಯ ಉಪಮಂತ್ರಿಯೂ ಆದರು. 1984ರಲ್ಲಿ ಅಜೀಜ್ ಸೇಠ್, ಆಮೇಲೆ ಬಿ.ಎಂ. ಮುಜಾಹಿದ್, ಐ.ಜಿ. ಸನದಿ ಗೆದ್ದರು. ಸೇಠರು ಮೈಸೂರಿನವರು, ಹೊರಗಿನವರನ್ನು ತರುವ ಚಾಳಿ ಪೂರ್ತಿ ಹೋಗಿರಲಿಲ್ಲವೆನ್ನಿ! ಆದರೆ ಅವರು ಎಲ್ಲರ ಮನೆಬಾಗಿಲಿಗೂ ಹೋಗಬೇಕಾಯಿತು.

2004ರಲ್ಲಿ ಆ ಸ್ಥಾನ ಬಿಜೆಪಿಗೆ ಹೋಯಿತು. 2008ರ ಮರುವಿಂಗಡಣೆಯಲ್ಲಿ ಧಾರವಾಡ ದಕ್ಷಿಣವೆಂಬ ಹೆಸರೇ ಅಳಿದು ಹಾವೇರಿ ಕ್ಷೇತ್ರವಾಯಿತು. ಅಲ್ಲಿ 2009ರಿಂದ 2024ರವರೆಗೆ ನಡೆದ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಮುಸ್ಲಿಂ ಅಭ್ಯರ್ಥಿ ಒಮ್ಮೆಯೂ ಗೆದ್ದಿಲ್ಲ.