ಶರತ್ಕಾಲದ ಸುಗಂಧ: ಒಲೆಯ ಮೇಲಿನ ‘ಪೋಪುರಿ’

ಸೆಪ್ಟೆಂಬರ್ ಕೊನೆಯ ವಾರದಿಂದ ಡಿಸೆಂಬರ್ ಮೂರನೆಯ ವಾರದವರೆಗಿನ ಅವಧಿ ಉತ್ತರ ಅಮೆರಿಕಕ್ಕೆ ಶರತ್ಕಾಲ. ಮೇಪಲ್ ಮರಗಳ ಎಲೆಗಳು ಕೆಂಪಾಗಿ ಉದುರುತ್ತವೆ, ಸೇಬಿನ ಕೊಯ್ಲು ನಡೆಯುತ್ತದೆ, ಚಳಿಯ ಮುನ್ಸೂಚನೆಗೆ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಈ ದಿನಗಳಲ್ಲಿ ಅಲ್ಲಿನ ಅನೇಕ ಮನೆಗಳ ಒಲೆಯ ಮೇಲೆ ಊಟಕ್ಕೆ ಸಂಬಂಧವಿಲ್ಲದ ಪಾತ್ರೆಯೊಂದು ಸಣ್ಣ ಉರಿಯಲ್ಲಿ ಕಾಯುತ್ತಿರುತ್ತದೆ. ನೀರಿನಲ್ಲಿ ಕಿತ್ತಳೆ ಹೋಳು, ಸೇಬಿನ ಸಿಪ್ಪೆ, ಚಕ್ಕೆ, ಲವಂಗ ಹಾಕಿ ಅದರ ಹಬೆಯಿಂದ ಮನೆಯನ್ನು ಪರಿಮಳಗೊಳಿಸುವ ಈ ಕ್ರಮಕ್ಕೆ ‘ಸ್ಟವ್‌ಟಾಪ್ ಪೋಪುರಿ’ ಅಥವಾ ‘ಸಿಮ್ಮರ್ ಪಾಟ್’ ಎಂದು ಹೆಸರು. ಖರ್ಚು ಅತ್ಯಲ್ಪ, ವಿಧಾನ ಸುಲಭ. ಆದರೆ ಗಂಟೆಗಟ್ಟಲೆ ಉರಿಯುವ ಒಲೆಯ ಮೇಲೆ ಸದಾ ಒಂದು ಕಣ್ಣಿರಬೇಕೆಂಬುದನ್ನು ಮರೆಯುವಂತಿಲ್ಲ.

ಹೆಸರಿನ ಹಿನ್ನೆಲೆ

‘ಪೋಪುರಿ’ ಫ್ರೆಂಚ್ ಪದ. ಶಬ್ದಾರ್ಥ ‘ಕೊಳೆತ ಮಡಕೆ’. ಮಾಂಸ, ತರಕಾರಿಗಳನ್ನು ಒಟ್ಟಿಗೆ ಬೇಯಿಸುವ ಸ್ಪೇನ್ ದೇಶದ ಖಾದ್ಯವೊಂದರ ಹೆಸರಿನ ನೇರ ಅನುವಾದವಿದು. ಕಾಲಕ್ರಮದಲ್ಲಿ ಇದೇ ಹೆಸರು ಸುಗಂಧ ಮಿಶ್ರಣಕ್ಕೆ ಅಂಟಿಕೊಂಡಿತು. ಹಿಂದೆ ಗುಲಾಬಿ ದಳಗಳನ್ನು ಉಪ್ಪಿನೊಂದಿಗೆ ಪದರ ಪದರವಾಗಿ ಜಾಡಿಗೆ ತುಂಬಿ, ಹದವಾಗಿ ಕಳಿಯಲು ಬಿಟ್ಟು, ಬಳಿಕ ಮಸಾಲೆ ಬೆರೆಸುತ್ತಿದ್ದರು. 18ನೇ ಶತಮಾನದ ಫ್ರಾನ್ಸಿನಲ್ಲಿ ಇದಕ್ಕೆಂದೇ ರಂಧ್ರಗಳುಳ್ಳ ಮುಚ್ಚಳದ ಪಿಂಗಾಣಿ ಕಲಶಗಳು ತಯಾರಾಗುತ್ತಿದ್ದವು. ಸೆವ್ರ್ ಕಾರ್ಖಾನೆಯ ಹಡಗಿನಾಕಾರದ ಕಲಶಗಳನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು. ಒಣಗಿದ ಹೂವಿನ ಪೋಪುರಿ ನಂತರದ್ದು. ಒಲೆಯ ಮೇಲಿನ ಪೋಪುರಿಯಲ್ಲಿ ಕಳಿಯುವ, ಒಣಗಿಸುವ ಕೆಲಸವೇ ಇಲ್ಲ.

ಪರದೇಶದ ಮಸಾಲೆ, ಸ್ವದೇಶದ ನೆನಪು

ಚಕ್ಕೆ, ಶುಂಠಿ, ಜಾಯಿಕಾಯಿ, ಲವಂಗಗಳ ಮಿಶ್ರಣವನ್ನು ಅಮೆರಿಕನ್ನರು ಕುಂಬಳದ ಸಿಹಿ ತಿನಿಸಾದ ‘ಪಂಪ್‌ಕಿನ್ ಪೈ’ಯೊಂದಿಗೆ ಗುರುತಿಸುತ್ತಾರೆ. ಮೆಕಾರ್ಮಿಕ್ ಕಂಪನಿ 1934ರಲ್ಲಿ ಈ ಮಸಾಲೆ ಪುಡಿಯನ್ನು ಮಾರುಕಟ್ಟೆಗೆ ತಂದಿತು. 2003ರಲ್ಲಿ ಸ್ಟಾರ್‌ಬಕ್ಸ್ ಇದೇ ರುಚಿಯ ಕಾಫಿಯನ್ನು ಪರಿಚಯಿಸಿದ ಬಳಿಕ ಶರತ್ಕಾಲವೆಂದರೆ ಈ ವಾಸನೆ ಎಂಬಷ್ಟು ನಂಟು ಬೆಳೆಯಿತು. ವಿಶೇಷವೆಂದರೆ ಈ ಯಾವ ಮಸಾಲೆಯೂ ಆ ನೆಲದ ಮೂಲದ್ದಲ್ಲ. ಲವಂಗ, ಜಾಯಿಕಾಯಿಗಳ ತವರು ಇಂಡೋನೇಷ್ಯಾದ ಮಲುಕು ದ್ವೀಪಗಳು. ಚಕ್ಕೆ, ಶುಂಠಿ ಕೂಡ ಏಷ್ಯಾದವು. ಅದೇ ಪರಿಮಳ ಕನ್ನಡಿಗರ ಮೂಗಿಗೆ ಪಲಾವಿನ ಒಗ್ಗರಣೆಯನ್ನೋ ಹಬ್ಬದ ಅಡುಗೆಮನೆಯನ್ನೋ ನೆನಪಿಸುತ್ತದೆ. ವಾಸನೆ ಒಂದೇ ಆದರೂ ಅದು ಎಚ್ಚರಿಸುವ ನೆನಪು ಬೇರೆ.

ಬೇಕಾಗುವ ಸಾಮಗ್ರಿ

* ನೀರು - ಒಂದೂವರೆ ಲೀಟರ್
* ಕಿತ್ತಳೆ - 1 (ಬಿಲ್ಲೆಗಳಾಗಿ ಕತ್ತರಿಸಿದ್ದು, ಅಥವಾ ಎರಡು ಹಣ್ಣಿನ ಸಿಪ್ಪೆ)
* ಸೇಬು - 1 (ಸಿಪ್ಪೆ ಮತ್ತು ನಡುಭಾಗವಾದರೂ ಸಾಕು)
* ಚಕ್ಕೆ - ಬೆರಳುದ್ದದ 3 ತುಂಡು
* ಲವಂಗ - 8ರಿಂದ 10
* ಅನಾನಸ್ ಹೂವು (ನಕ್ಷತ್ರಾಕಾರದ ಮಸಾಲೆ) - 2
* ಹಸಿಶುಂಠಿ - 3 ಬಿಲ್ಲೆ
* ಜಾಯಿಕಾಯಿ - ಚಿಕ್ಕ ಚೂರು

ಮಾಡುವ ವಿಧಾನ

ದಪ್ಪ ತಳದ, ಎರಡು ಲೀಟರಿಗೂ ತುಸು ಹೆಚ್ಚು ಹಿಡಿಯುವ ಪಾತ್ರೆಯಲ್ಲಿ ಎಲ್ಲವನ್ನೂ ಹಾಕಿ ಒಂದು ಕುದಿ ಬರಿಸಬೇಕು. ಕೂಡಲೇ ಉರಿಯನ್ನು ತೀರಾ ಸಣ್ಣದು ಮಾಡಿ, ಮುಚ್ಚಳ ತೆಗೆದು, ಅಂಚಿನಲ್ಲಷ್ಟೇ ಗುಳ್ಳೆ ಏಳುವಂತೆ ಇಡಬೇಕು. ಪ್ರತಿ ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ನೋಡಿ ಬಿಸಿನೀರು ಸೇರಿಸುತ್ತಿರಬೇಕು. ಎರಡು ಗಂಟೆಯ ಕಾಲ ಕಾಯಿಸಿದರೆ ಸಾಮಾನ್ಯ ಮನೆಗೆ ಧಾರಾಳ. ಮಸಾಲೆ ಇಡಿಯಾಗಿಯೇ ಇರಲಿ. ಪುಡಿ ಹಾಕಿದರೆ ತಳಕ್ಕೆ ಕೂತು ಸೀಯುವ ಸಂಭವ ಹೆಚ್ಚು. ಉಳಿದದ್ದನ್ನು ಮರುದಿನಕ್ಕೆ ಬಳಸುವುದಾದರೆ ಆರಿದ ಕೂಡಲೇ ಫ್ರಿಜ್‌ನಲ್ಲಿಡಬೇಕು. ಪರಿಮಳ ಕುಂದಿದಾಗ ಎಸೆಯುವುದೇ ಲೇಸು. ಇದು ಕಷಾಯವಲ್ಲ, ಕುಡಿಯುವುದಕ್ಕಾಗಿ ಮಾಡಿದ್ದಲ್ಲ.

ಹಬೆಯೊಳಗಿನ ವಿಜ್ಞಾನ

ಚಕ್ಕೆಯ ಸಿನಮಾಲ್ಡಿಹೈಡ್, ಲವಂಗದ ಯೂಜಿನಾಲ್, ಕಿತ್ತಳೆ ಸಿಪ್ಪೆಯ ಲಿಮೋನಿನ್ ಎಂಬ ಸುಗಂಧ ತೈಲಾಂಶಗಳೇ ಈ ಪರಿಮಳದ ಮೂಲ. ಯೂಜಿನಾಲ್ ಕುದಿಯಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೂ 100 ಡಿಗ್ರಿ ಮೀರದ ಪಾತ್ರೆಯಿಂದ ಅದು ಹೊರಬರುತ್ತದೆ. ನೀರಿನೊಂದಿಗೆ ಬೆರೆಯದ ತೈಲವು ನೀರಾವಿಯ ಜೊತೆಗೂಡಿ ಸ್ವಲ್ಪ ಸ್ವಲ್ಪವಾಗಿ ಮೇಲೇಳುವುದೇ ಇದಕ್ಕೆ ಕಾರಣ. ಹೂವಿನಿಂದ ಅತ್ತರು ಇಳಿಸುವ ಭಟ್ಟಿಯಲ್ಲಿ ನಡೆಯುವುದೂ ಇದೇ ಕ್ರಿಯೆ. ಕಿತ್ತಳೆಯ ಹಗುರ ತೈಲ ಬೇಗ ಹಾರಿಹೋಗುತ್ತದೆ, ಚಕ್ಕೆ ಲವಂಗಗಳದು ನಿಧಾನ. ಮೊದಲ ಗಳಿಗೆಯಲ್ಲಿ ಹಣ್ಣಿನ ವಾಸನೆಯೂ ಬಳಿಕ ಮಸಾಲೆಯ ವಾಸನೆಯೂ ಮುಂದಾಗುವುದು ಇದರಿಂದಲೇ.

ಎಚ್ಚರಿಕೆಗಳು

ನೀರು ಇಂಗಿದ ಪಾತ್ರೆ ಕ್ಷಣಾರ್ಧದಲ್ಲಿ ಸೀಯುತ್ತದೆ, ಸಿಪ್ಪೆಗಳು ಹೊತ್ತಿಕೊಳ್ಳಲೂಬಹುದು. ಅಮೆರಿಕದಲ್ಲಿ ಮನೆಗಳ ಬೆಂಕಿ ಅನಾಹುತಗಳಿಗೆ ಅಡುಗೆಯೇ ಪ್ರಮುಖ ಕಾರಣ ಎಂದು ಅಲ್ಲಿನ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎ ಹೇಳುತ್ತದೆ. ಅಡುಗೆಯಿಂದಾಗುವ ಅವಘಡಗಳು ಅತಿ ಹೆಚ್ಚಾಗಿ ಸಂಭವಿಸುವುದು ನವೆಂಬರ್‌ನ ನಾಲ್ಕನೆಯ ಗುರುವಾರ ಬರುವ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬದಂದು. ಪೋಪುರಿ ಪಾತ್ರೆಯೂ ಒಲೆಗೇರುವ ಕಾಲವದು. ಒಲೆ ಹೊತ್ತಿಸಿ ಹೊರಗೆ ಹೋಗುವುದು, ಮಲಗುವುದು ಸರ್ವಥಾ ಸಲ್ಲದು.

ಸುವಾಸನೆಯೆಂದರೆ ಶುದ್ಧ ಗಾಳಿಯಲ್ಲ ಎಂಬುದೂ ಅಷ್ಟೇ ಮುಖ್ಯ. ಈ ಹಬೆ ದುರ್ಗಂಧವನ್ನು ಮರೆಮಾಚುತ್ತದೆಯೇ ಹೊರತು ನಿವಾರಿಸುವುದಿಲ್ಲ. ಗ್ಯಾಸ್ ಒಲೆ ಉರಿದಾಗ ನೈಟ್ರೋಜನ್ ಡೈಆಕ್ಸೈಡ್ ಹೊರಬರುತ್ತದೆ, ಹೀಗಾಗಿ ಒಂದು ಕಿಟಕಿಯಾದರೂ ತೆರೆದಿರಬೇಕು. ಗ್ಯಾಸ್ ಸೋರಿಕೆಯ ಎಚ್ಚರಿಕೆಗೆಂದೇ ಬೆರೆಸಿರುವ ದುರ್ವಾಸನೆಯ ಅನುಮಾನ ಬಂದರೆ, ಅದನ್ನು ಪರಿಮಳದಿಂದ ಮುಚ್ಚುವ ಮಾತೇ ಬೇಡ. ಅಸ್ತಮಾ ಉಳ್ಳವರಿಗೆ ತೀವ್ರ ಪರಿಮಳ ತೊಂದರೆ ಕೊಡಬಹುದು. ಕಿತ್ತಳೆ ಸಿಪ್ಪೆಯ ಹಾಗೂ ಲವಂಗದ ತೈಲಗಳು ಬೆಕ್ಕುಗಳಿಗೆ ವಿಷಕಾರಿಯಾದ್ದರಿಂದ ಪಾತ್ರೆ ಅವುಗಳಿಗೆ ಎಟುಕದಂತಿರಲಿ. ಕರ್ಪೂರವನ್ನು ಪಾತ್ರೆಗೆ ಹಾಕಲೇಬಾರದು. ಅದರ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಕರ್ನಾಟಕದ ಮನೆಗಳಲ್ಲಿ

‘ಆಟಮ್’ ಎಂಬುದನ್ನು ಕನ್ನಡದಲ್ಲಿ ಶರತ್ಕಾಲ ಎನ್ನುವುದು ರೂಢಿ. ಆದರೆ ನಮ್ಮ ಶರದೃತು ಮಳೆ ಹಿಂಜರಿದು ಆಕಾಶ ತಿಳಿಯಾಗುವ ಆಶ್ವಯುಜ, ಕಾರ್ತಿಕ ಮಾಸಗಳದು. ಇಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಹವೆಯ ಈ ವ್ಯತ್ಯಾಸ ಪೋಪುರಿಗೂ ಅನ್ವಯಿಸುತ್ತದೆ. ಹೀಟರ್ ಉರಿಯುವ ಅಮೆರಿಕದ ಒಣ ಮನೆಗೆ ಹಬೆಯ ತೇವ ಹಿತಕರ. ಮಳೆಗಾಲದ ಕರಾವಳಿ, ಮಲೆನಾಡುಗಳಲ್ಲಿ ಅದೇ ತೇವ ಗೋಡೆಯ ಬೂಷ್ಟಿಗೆ ಗೊಬ್ಬರವಾದೀತು. ಬೆಂಗಳೂರು, ಧಾರವಾಡಗಳ ಡಿಸೆಂಬರ್, ಜನವರಿಯ ಒಣಚಳಿಗೆ ಇದು ಹೆಚ್ಚು ಒಪ್ಪುತ್ತದೆ.

ಸಾಂಬ್ರಾಣಿ, ಲೋಬಾನ, ಊದುಬತ್ತಿಗಳಲ್ಲಿ ಪರಿಮಳ ಬರುವುದು ವಸ್ತು ಉರಿದು ಹೊಗೆಯಾದಾಗ. ಪೋಪುರಿಯಲ್ಲಿ ಹೊಗೆಯಿಲ್ಲ, ಹೊಗೆಯ ಸೂಕ್ಷ್ಮ ಕಣಗಳೂ ಇಲ್ಲ. ಸೇಬು ದುಬಾರಿಯೆನಿಸಿದರೆ ಬಿಡಬಹುದು. ಕೊಡಗಿನ ಕಿತ್ತಳೆಯ ಸಿಪ್ಪೆ, ಬಿಡಿಸಿದ ಏಲಕ್ಕಿಯ ಹೊಟ್ಟು, ಹಿಂಡಿದ ನಿಂಬೆ ಹೋಳು, ಒಂದೆರಡು ಪಲಾವ್ ಎಲೆ ಇದ್ದರೂ ಆಯಿತು. ಎಸೆಯುವ ವಸ್ತುಗಳಿಂದಲೇ ಮನೆ ಘಮಘಮಿಸುತ್ತದೆ. ಎರಡು ಗಂಟೆಯ ಗ್ಯಾಸ್ ಹೆಚ್ಚೆನಿಸುವವರು ಅನ್ನ, ಸಾರು ಮುಗಿದ ಮೇಲೆ ಅರ್ಧ ಗಂಟೆಯಷ್ಟೇ ಕಾಯಿಸಿ ಒಲೆ ಆರಿಸಬಹುದು. ಪಾತ್ರೆ ಆರುವವರೆಗೂ ಪರಿಮಳ ಸೂಸುತ್ತಲೇ ಇರುತ್ತದೆ.