ಎಣ್ಣೆಯ ಬಣ್ಣ

ತುಮಕೂರೆಂದರೆ ನನ್ನ ವಾರಿಗೆಯ ಹೆಂಗಸರಿಗೆ ಎಚ್‌ಎಂಟಿ ಕೈಗಡಿಯಾರ. ಅದೇ ಸಂಸ್ಥೆ ಟ್ರ್ಯಾಕ್ಟರನ್ನೂ ಮಾಡುತ್ತಿತ್ತು. 1971ರಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದಿಂದ ಹರಿಯಾಣದ ಪಿಂಜೋರಿನಲ್ಲಿ ತಯಾರಿಕೆ ಶುರುವಾಯಿತು. ಗುಬ್ಬಿಯ ನನ್ನ ತವರಿಗೂ ಅಂಥದೊಂದು ಬಂತು.

ನೇಗಿಲನ್ನು ಎತ್ತಿ ಇಳಿಸುವ ಶಕ್ತಿ ಟ್ರ್ಯಾಕ್ಟರಿಗೆ ಬರುವುದು ಎಣ್ಣೆಯಿಂದ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲಿ ರೂಪಿಸಿದ ಉಪಾಯವಿದು. ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ, ಹಿಂದಿನ ತೋಳುಗಳು ಮೇಲೇಳುತ್ತವೆ. ಹಳೆಯ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ, ಕೂಡುಕುಟುಂಬಕ್ಕೆ ಒಂದೇ ಕಣಜವಿದ್ದಂತೆ. ಹಾಗಾಗಿ ಗೇರು ಸವೆದ ಪುಡಿ ಪಂಪನ್ನೂ ಕೆಡಿಸುತ್ತದೆ.

ಕುಣಿಗಲ್ ದೊಡ್ಡಕೆರೆಯ ಕೆಳಗಿನಂಥ ಗದ್ದೆಗಳಲ್ಲಿ ಕೆಸರು ಉಳುವಾಗ, ಸವೆದ ಆಯಿಲ್ ಸೀಲಿನ ಸಂದಿಯಿಂದ ನೀರು ಒಳಸೇರಬಹುದು. ಆಗ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಎಲ್ಲವನ್ನೂ ಇಳಿಸಿ, ಜಾಲರಿ ತೊಳೆದು, ಸೀಲು ಬದಲಿಸಿಯೇ ಹೊಸ ಎಣ್ಣೆ ತುಂಬಬೇಕು. ಆದರೆ ಮನೆಯಲ್ಲಿ ಎಣ್ಣೆಯ ದುಡ್ಡೇ ಮೊದಲು ಬೇರೆ ಖರ್ಚಿಗೆ ಹೋಗುವುದು. ಹೀಗೆ ಉಳಿಸಿ, ನಾಟಿಯ ಹೊತ್ತಿಗೆ ಪಂಪಿಗೇ ಸಾಲ ಮಾಡಿದ ಮನೆಗಳನ್ನು ಕಂಡಿದ್ದೇನೆ.

ನಮ್ಮತ್ತಿಗೆ ಮಾತ್ರ ಅಳತೆಕಡ್ಡಿಯನ್ನು ತಾವೇ ಎಳೆದು ನೋಡುತ್ತಿದ್ದರು. “ಹಾಲು ಕೆಟ್ಟಿದ್ದು ನಮಗೆ ಗೊತ್ತಾಗಲ್ವೇನೇ? ಇದೂ ಹಾಗೇ ಕಣೇ” ಎನ್ನುತ್ತಿದ್ದರು. ಎಣ್ಣೆಯ ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿ ಬೇರೆಯೇ ಇಡುತ್ತಿದ್ದರು.

2016ರಲ್ಲಿ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನೂ ಟ್ರ್ಯಾಕ್ಟರ್ ವಿಭಾಗವನ್ನೂ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ತುಮಕೂರಿನ ಗಡಿಯಾರ ಕಾರ್ಖಾನೆಯೂ ನಿಂತಿತು. ಮಾಡಿದವರೇ ಇಲ್ಲದ ಮೇಲೆ ಯಂತ್ರಕ್ಕೆ ಮನೆಯವರೇ ದಿಕ್ಕು. ಗುಬ್ಬಿಯ ನಮ್ಮ ಟ್ರ್ಯಾಕ್ಟರು ಇನ್ನೂ ಉಳುತ್ತಿದೆ. ಕಡ್ಡಿ ಎಳೆದು ನೋಡುವ ಕೆಲಸ ಈಗ ಅತ್ತಿಗೆಯ ಸೊಸೆಯದು.