ಗೋದಾವರಿಯ ಈಚೆಯ ಓದುಗರು

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ ಜಿಲ್ಲೆಯ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು; ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಯ ಉಮರ್ಗಾವೂ ಅತ್ತಲೇ. 1960ರಿಂದ ಮೂರೂ ಮಹಾರಾಷ್ಟ್ರದಲ್ಲಿವೆ.

ಅಲ್ಲಿ ಮನೆಮಾತು ಕನ್ನಡವಾಗಿ, ಶಾಲೆಯ ಅಕ್ಷರ ಮರಾಠಿಯಾದವರು ಕನ್ನಡ ಪುಸ್ತಕ ಹಿಡಿದರೆ 'ಇವರದು ಅಚ್ಚಗನ್ನಡವೇ?' ಎಂಬ ಪ್ರಶ್ನೆ ಬರುತ್ತದೆ. ಮಲಯಾಳಂ ಶಾಲೆಗೆ ಹೋಗುವ ಮಗು ಕನ್ನಡ ಓದುವಾಗ ತಡವರಿಸಿದರೆ ನಾಚುವ ನಮ್ಮ ಮನೆಗಳಿಗೆ ಈ ಪ್ರಶ್ನೆ ಹೊಸದಲ್ಲ.

ಆದರೆ ಆ ಬೆರಕೆ 1956ಕ್ಕಿಂತ ಹಳೆಯದು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಉದಗೀರದ ನೆರೆಯ ಭಾಲ್ಕಿ ಸೀಮೆಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಫಲಕ ಉರ್ದುವಾದ ಮಾತ್ರಕ್ಕೆ ಆ ಮಕ್ಕಳ ಕನ್ನಡ ಸುಳ್ಳಾಯಿತೇ?

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡನಾಡನ್ನು ಗೋದಾವರಿಯವರೆಗೆ ಹೇಳುತ್ತದೆ; ಈ ಮೂರೂ ಊರುಗಳು ನದಿಯ ದಕ್ಷಿಣಕ್ಕಿವೆ. ಇದನ್ನು ಹಕ್ಕುಪತ್ರದಂತೆ ಹಿಡಿದು ವಾದಿಸುವವರಿದ್ದಾರೆ. (ಬ್ಯಾಂಕಿನಲ್ಲಿ ಕುಳಿತ ನನಗೆ ಅಷ್ಟು ಹಳೆಯ ಪತ್ರಗಳ ಮೇಲೆ ನಂಬಿಕೆ ಕಡಿಮೆ.) ಅದೇ ಗ್ರಂಥ ಕನ್ನಡ ಒಂದಲ್ಲ, ಹಲವು ಎಂದು ಒಪ್ಪಿಕೊಂಡಿರುವುದೇ ನನಗೆ ಹೆಚ್ಚಿನದು. ಉದಗೀರದ ಕನ್ನಡವೂ ಆ ಹಲವುಗಳಲ್ಲಿ ಒಂದು.

ಮರಾಠವಾಡದ ಲಿಂಗಾಯತರಲ್ಲಿ ಮನ್ಮಥಸ್ವಾಮಿಗಳ ಮರಾಠಿ 'ಪರಮರಹಸ್ಯ'ದ ಪಾರಾಯಣ ಇಂದಿಗೂ ಉಂಟು. ಉಮರ್ಗಾದಿಂದ ಬಸವಕಲ್ಯಾಣಕ್ಕೆ ಹೋದವರ ಕಿವಿಗೆ ಕನ್ನಡ ವಚನ ಬೀಳುತ್ತದೆ; ಬೀಡ ಜಿಲ್ಲೆಯ ಕಪಿಲಧಾರಕ್ಕೆ ಹೋದರೆ ಅದೇ ಮನೆಯವರು ಮರಾಠಿ ಅಭಂಗಕ್ಕೆ ದನಿಗೂಡಿಸುತ್ತಾರೆ.